ಕಮ್ಮಿ ರೇಟಿಗೆ ಪ್ರೊಸೆಸರ್ ತಗೋತಿದ್ರೆ ಹೆಸರಿನ ಕೊನೇ ಅಕ್ಷರದವರೆಗೂ ಓದಿ

ಹಳೇ ಸಿಸ್ಟಮ್‌ಗೆ ಹೊಸ ಪ್ರೊಸೆಸರ್ ಹಾಕೋಣ ಅಂತಿರೋರು, ಅದ್ರಲ್ಲೂ ನನ್ನ ಥರ ಮದ್ವೆ ವಿಡಿಯೋ, ಆಲ್ಬಂ ಕೆಲಸ ಮಾಡ್ಕೊಂಡು ಬದುಕೋ ಸಣ್ಣ ಸ್ಟುಡಿಯೋದೋರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತೆ. ನಂಗೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಮದುಮಗಳ ಅಪ್ಪನಿಗೆ ಕೊಟ್ಟ ಮಾತು ತಪ್ಪಿದ್ದು, ಆ ಸ್ಥಿತಿ ಇನ್ನೊಬ್ರಿಗೆ ಬರಬಾರ್ದು ಅಂತ ಬರೀತಿದೀನಿ.

ನಮ್ಮ ಸ್ಟುಡಿಯೋ ತುಮಕೂರಲ್ಲಿ. ಎಡಿಟಿಂಗ್‌ಗೆ ಇದ್ದಿದ್ದು 2019ರಲ್ಲಿ ಜೋಡಿಸಿದ ಸಿಸ್ಟಮ್ಮು, ಬಿ450 ಮದರ್‌ಬೋರ್ಡು, ರೈಜನ್ 5 3400ಜಿ, 16 ಜಿಬಿ ಡಿಡಿಆರ್4 ರ‍್ಯಾಮ್. ಫುಲ್ ಎಚ್‌ಡಿ ಇದ್ದಾಗ ಏನೂ ತೊಂದ್ರೆ ಇರ್ಲಿಲ್ಲ. ಕ್ಯಾಮರಾ ಸೋನಿ ಎ7 ಫೋರ್‌ಗೆ ಬದಲಾಯಿಸಿ 4ಕೆ, 10 ಬಿಟ್, 4:2:2ನಲ್ಲಿ (ಬಣ್ಣದ ವಿವರ ಜಾಸ್ತಿ ಇರೋ ಥರ) ಶೂಟ್ ಮಾಡೋಕೆ ಶುರು ಮಾಡಿದ್ಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಪ್ಲೇ ಒತ್ತಿದ್ರೆ ಚಿತ್ರ ನಿಂತು ನಿಂತು ಬರೋದು, ವಾಲಗದ ಸೌಂಡು ಮುಂದೆ ಹೋಗಿ ತಾಳಿ ಕಟ್ಟೋದು ಹಿಂದೆ ಉಳಿಯೋದು. ಪ್ರೊಸೆಸರ್ ಒಳಗೆ ಕೆಲಸ ಮಾಡೋ ಕೋರ್ ನಾಲ್ಕೇ ಇರೋದಲ್ವಾ, ಕೋರ್ ಜಾಸ್ತಿ ಆದ್ರೆ ಸರಿ ಹೋಗುತ್ತೆ ಅಂದ್ಕೊಂಡೆ. ಇಲ್ಲೇ ನಾನು ಎಡವಿದ್ದು, ಅದನ್ನ ಆಮೇಲೆ ಹೇಳ್ತೀನಿ.

ನನ್ನ ಮುಂದೆ ಎರಡು ದಾರಿ ಇತ್ತು. ಒಂದು, ಇಂಟೆಲ್ ಐ5-12400, ಆರು ಕೋರ್, ಆದ್ರೆ ಅದಕ್ಕೆ ಬೋರ್ಡು ಹೊಸದು ತಗೋಬೇಕು. ಇನ್ನೊಂದು, ಎಎಂಡಿ ರೈಜನ್ 7 5700ಎಕ್ಸ್, ಎಂಟು ಕೋರ್, ನನ್ನ ಹಳೇ ಬೋರ್ಡಿಗೇ ಕೂರುತ್ತೆ. 2025ರ ಕೊನೆಯಿಂದ ರ‍್ಯಾಮ್ ರೇಟು ಹೇಗೆ ಏರಿದೆ ಅಂತ ಎಲ್ರಿಗೂ ಗೊತ್ತು, ಹಾಗಾಗಿ ಇರೋ ಡಿಡಿಆರ್4 ಉಳಿಸ್ಕೊಳ್ಳೋದು ಅಂತ ಮೊದ್ಲೇ ತೀರ್ಮಾನ ಆಗಿತ್ತು. ಹಾಸನದಲ್ಲಿ ಸರ್ವಿಸ್ ಸೆಂಟರ್ ಇಟ್ಕೊಂಡಿರೋ ನನ್ನ ಭಾವಮೈದ ಹೇಳಿದ್ದ, "ಭಾವ, ನಿಮ್ಮ ಕೆಲಸಕ್ಕೆ 12400 ತಗೊಳ್ಳಿ, ಎಫ್ ಇರೋದು ಬೇಡ" ಅಂತ. ಯಾಕೆ ಅಂತ ನಾನು ಕೇಳ್ಲಿಲ್ಲ. ಬೋರ್ಡಿನ ಏಳು ಸಾವಿರ ಉಳಿಯುತ್ತಲ್ಲ ಅನ್ನೋದೇ ತಲೇಲಿತ್ತು.

ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ನಾಲ್ಕೈದು ಅಂಗಡಿ ಸುತ್ತಿದೆ. ಒಂದು ಕಡೆ ಹೇಳಿದ್ರು, "5700ಎಕ್ಸ್ ಸ್ಟಾಕ್ ಇಲ್ಲ ಸಾರ್, 5700 ಇದೆ, ಆಫರ್‌ನಲ್ಲಿ 11,800ಕ್ಕೆ ಕೊಡ್ತೀನಿ, ಎರಡೂ ಒಂದೇ ಸಾರ್, ಎಕ್ಸ್ ಅಂದ್ರೆ ಸ್ವಲ್ಪ ಸ್ಪೀಡ್ ಜಾಸ್ತಿ ಅಷ್ಟೇ." ನನ್ನ ಬೋರ್ಡು ಯಾವ್ದು, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಮಾನಿಟರ್ ವೈರು ಬೋರ್ಡಿಗೇ ಹಾಕಿದೀನಿ, ಎಲ್ಲಾ ಬಿಡಿಸಿ ಹೇಳಿದೆ. "ಹಳೇದು ತೆಗೀರಿ, ಇದನ್ನ ಕೂರಿಸಿ, ಅಷ್ಟೇ ಸಾರ್" ಅಂದ್ರು. ಡಬ್ಬ ಇರ್ಲಿಲ್ಲ, ಪ್ಲಾಸ್ಟಿಕ್ ಟ್ರೇನಲ್ಲಿತ್ತು. ಡಬ್ಬ ಬೇಡ ಅಂದ್ರೆ ರೇಟು ಕಮ್ಮಿ, ವಾರಂಟಿ ಮೂರು ವರ್ಷ ಇದ್ದೇ ಇರುತ್ತೆ ಅಂದ್ರು. ಬಿಲ್ಲಲ್ಲಿ "ಪ್ರೊಸೆಸರ್ ಆರ್7, ಒಂದು" ಅಂತ ಅಷ್ಟೇ ಇತ್ತು. ಸೀರಿಯಲ್ ನಂಬರ್ ಇರ್ಲಿಲ್ಲ, ನಾನೂ ಕೇಳ್ಲಿಲ್ಲ.

ಮನೆಗೆ ಬಂದು ರಾತ್ರಿ ಹಳೇದನ್ನ ತೆಗೆದು ಹೊಸದನ್ನ ಇಟ್ಟೆ, ಕೂರ್ತಿಲ್ಲ. ನನ್ನ ಬೋರ್ಡಿನ ಸಾಕೆಟ್ಟು ಎಎಂ4 ಅನ್ನೋ ಥರದ್ದು, ಅದ್ರ ಕಡ್ಡಿ ಎತ್ತಿ ಮೂಲೆಯ ತ್ರಿಕೋನ ಗುರ್ತು ನೋಡಿ ಇಟ್ರೆ ಒತ್ತದೇನೇ ತಾನಾಗೇ ಇಳೀಬೇಕು. ಇದು ಒಂದು ಮೂಲೇಲಿ ಎದ್ದು ನಿಂತಿತ್ತು. ಒತ್ತೋಕೆ ಹೋಗ್ಲಿಲ್ಲ ಸದ್ಯ. ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ, ಅಷ್ಟೂ ಪಿನ್ನು, 1,331 ಇರುತ್ತೆ ಅದ್ರಲ್ಲಿ, ಜೋಳದ ಹೊಲದ ಸಾಲಿನ ಥರ ನೆಟ್ಟಗೆ ನಿಂತಿವೆ, ಅಂಚಿನ ಸಾಲಲ್ಲಿ ಎರಡು ಮಾತ್ರ ಪಕ್ಕದ್ದರ ಮೇಲೆ ಒರಗಿಕೊಂಡಿವೆ. ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದ್ರೆ ನೀವೇ ಬಗ್ಗಿಸಿರೋದು ಸಾರ್ ಅಂದ್ರು. ಫೋಟೋ ಕಳಿಸಿದೆ, ಉತ್ತರ ಇಲ್ಲ. ಅಂಗಡೀಲೇ ಟ್ರೇ ಬಿಚ್ಚಿ ಹಿಂದೆ ಮುಂದೆ ನೋಡಿದ್ರೆ ಆ ಮಾತಿಗೆ ಜಾಗವೇ ಇರ್ತಿರ್ಲಿಲ್ಲ. ಇಂಟೆಲ್‌ನಲ್ಲಿ ಪಿನ್ನು ಬೋರ್ಡಿನ ಸಾಕೆಟ್ಟಲ್ಲಿರುತ್ತೆ, ಎಎಂಡಿ ಹೊಸ ಎಎಂ5ನಲ್ಲೂ ಹಾಗೇ, ಅಲ್ಲಿ ಬೋರ್ಡ್ ತಗೋವಾಗ ಸಾಕೆಟ್ ಮುಚ್ಚಳ ತೆಗೆಸಿ ನೋಡಿ.

ಇಲ್ಲಿ ನಮ್ಮೂರ ಸರ್ವಿಸ್ ಹುಡುಗ ಕಡ್ಡಿ ತೆಗೆದ ಲೆಡ್ ಪೆನ್ಸಿಲ್ಲಿನ ತುದಿಯನ್ನ ಒಂದೊಂದೇ ಪಿನ್ನಿಗೆ ಸಿಕ್ಕಿಸಿ, ಉಸಿರು ಬಿಗಿ ಹಿಡ್ಕೊಂಡು, ಹತ್ತು ನಿಮಿಷದಲ್ಲಿ ನೆಟ್ಟಗೆ ಮಾಡಿಕೊಟ್ಟ. ಪುಣ್ಯಾತ್ಮ ಮುನ್ನೂರು ರೂಪಾಯಿ ಅಷ್ಟೇ ತಗೊಂಡ.

ಕೂರಿಸಿದೆ. ಫ್ಯಾನ್ ತಿರುಗ್ತಿದೆ, ಸ್ಕ್ರೀನ್ ಕಪ್ಪು. ಭಾವಮೈದನಿಗೆ ಫೋನ್ ಮಾಡಿದ್ರೆ ಬಯೋಸ್ ಅಪ್‌ಡೇಟ್ ಮಾಡಿದೀರಾ ಅಂದ. ಬಯೋಸ್ ಅಂದ್ರೆ ಸಿಸ್ಟಮ್ ಆನ್ ಮಾಡಿದಾಗ ಮೊದ್ಲು ಓಡೋ, ಬೋರ್ಡಲ್ಲೇ ಇರೋ ಸಾಫ್ಟ್‌ವೇರ್. 2019ರ ಬಯೋಸ್‌ಗೆ 5000 ಸೀರೀಸ್ ಪ್ರೊಸೆಸರ್ ಗೊತ್ತೇ ಇರಲ್ಲ, ಸಾಕೆಟ್ ಒಂದೇ ಆದ್ರೂ. ಮತ್ತೆ ಹಳೇದು ಹಾಕಿ, ಬೋರ್ಡ್ ಕಂಪನಿ ಸೈಟಿಂದ ಹೊಸ ಬಯೋಸ್ ಪೆನ್‌ಡ್ರೈವ್‌ಗೆ ಇಳಿಸಿ, ಕರೆಂಟ್ ಹೋಗದಿರ್ಲಪ್ಪ ಅಂತ ಬೇಡ್ಕೊಂಡು ಅಪ್‌ಡೇಟ್ ಮಾಡಿ, ಪೇಸ್ಟ್ ಒರೆಸಿ ಹೊಸ ಪೇಸ್ಟ್ ಹಚ್ಚಿ ಮತ್ತೆ ಹೊಸದು ಹಾಕಿದೆ. ಆಗ್ಲೂ ಕಪ್ಪೇ.

ಆಗ ಅವನು ಪೂರ್ತಿ ಹೆಸ್ರು ಓದಿ ಅಂದ. ಓದಿದೆ. "ಭಾವ, ನಿಮ್ಮ ಹಳೇದ್ರಲ್ಲಿ ಕೊನೇಲಿ ಜಿ ಇತ್ತಲ್ಲ, ಅದು ಗ್ರಾಫಿಕ್ಸ್. 5700ನಲ್ಲಿ ಡಿಸ್‌ಪ್ಲೇನೇ ಇಲ್ಲ, ಕಾರ್ಡ್ ಬೇಕೇ ಬೇಕು" ಅಂದ. ಆರು ವರ್ಷ ಬೋರ್ಡಿನ ಎಚ್‌ಡಿಎಂಐಗೆ ವೈರ್ ಹಾಕಿ ಚಿತ್ರ ಬಂದಿದ್ದು ಬೋರ್ಡಿಂದ ಅಲ್ಲ, ಪ್ರೊಸೆಸರ್ ಒಳಗಿದ್ದ ಗ್ರಾಫಿಕ್ಸ್‌ನಿಂದ. ಬೋರ್ಡಲ್ಲಿ ತೂತು ಇದೆ ಅಂದ ಮಾತ್ರಕ್ಕೆ ಚಿತ್ರ ಬರಲ್ಲ.

ಇನ್ನೊಂದನ್ನೂ ಹೇಳ್ದ. 5700 ಮತ್ತೆ 5700ಎಕ್ಸ್ ಒಂದೇ ಅಲ್ಲ. ಕೋರ್ ಎರಡರಲ್ಲೂ ಎಂಟೇ, ಆದ್ರೆ 5700ಎಕ್ಸ್‌ನಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಫಾಸ್ಟ್ ಮೆಮೊರಿ) 32 ಎಂಬಿ, 5700ನಲ್ಲಿ 16 ಎಂಬಿ. ಎಕ್ಸ್‌ನಲ್ಲಿ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಥರದ್ದರ ಜೊತೆ ಡೇಟಾ ಹೋಗಿಬರೋ ದಾರಿ) 4.0, ಇದ್ರಲ್ಲಿ 3.0. ಲ್ಯಾಪ್‌ಟಾಪ್, ಜಿ ಮಾಡೆಲ್‌ಗಳಲ್ಲಿ ಬರೋ ಥರದ ಚಿಪ್ಪಲ್ಲೇ ಗ್ರಾಫಿಕ್ಸ್ ಬಂದ್ ಮಾಡಿ ಬಿಟ್ಟಿರೋದು ಇದು. 5500 ಮತ್ತೆ 5600 ನಡುವೆಯೂ ಇದೇ ಕಥೆ, 5500ನಲ್ಲಿ 16, 5600ನಲ್ಲಿ 32. ನಾನು ನೋಡಿದ್ದ ಅಷ್ಟೂ ವಿಡಿಯೋ 5700ಎಕ್ಸ್‌ದು. ಗೇಮ್ ಆಡೋರಿಗೆ ಈ ಕ್ಯಾಶ್ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ.

ಅಷ್ಟೊತ್ತಿಗೆ ಕ್ಯಾತ್ಸಂದ್ರದ ಮದ್ವೆ ವಿಡಿಯೋ ಕೊಡೋ ದಿನ ಬಂದಿತ್ತು. 3,200 ಕೊಟ್ಟು ಯಾರೋ ಬಳಸಿದ್ದ 2 ಜಿಬಿ ಕಾರ್ಡ್ ತಂದು ಹಾಕಿದೆ, ಚಿತ್ರ ಬಂತು. ಪ್ರೀಮಿಯರ್ ತೆಗೆದು ಪ್ಲೇ ಒತ್ತಿದೆ. ಅದೇ ನಿಂತು ನಿಂತು ಬರೋದು. ಎಂಟು ಕೋರೂ 100 ಪರ್ಸೆಂಟ್ ಓಡ್ತಿವೆ, ಸಿಪಿಯು ಫ್ಯಾನ್ ಕಿರುಚ್ತಿದೆ, ಟೈಮ್‌ಲೈನ್ ಅಲ್ಲೇ. ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು ಅವತ್ತು.

ಈಗ ಆವಾಗ್ಲೇ ಹೇಳ್ತೀನಿ ಅಂದಿದ್ದು. ನಮ್ಮ ಕ್ಯಾಮರಾ ಎಚ್‌.265ನಲ್ಲಿ, ಅಂದ್ರೆ ವಿಡಿಯೋನ ತುಂಬಾ ಒತ್ತಿ ಚಿಕ್ಕದು ಮಾಡಿಟ್ಟ ರೂಪದಲ್ಲಿ, 10 ಬಿಟ್ 4:2:2 ಫೈಲ್ ಕೊಡುತ್ತಲ್ಲ, ಅದನ್ನ ಬಿಚ್ಚಿ ತೋರ್ಸೋ ಕೆಲಸಕ್ಕೆ ಕೋರ್ ಎಷ್ಟು ಅನ್ನೋದಕ್ಕಿಂತ ಆ ಫೈಲ್ ಬಿಚ್ಚೋಕೆ ಅಂತಲೇ ಇರೋ ಸರ್ಕ್ಯೂಟ್ ಮುಖ್ಯ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಇರುತ್ತೆ, ಡೆಸ್ಕ್‌ಟಾಪ್‌ನಲ್ಲಿ 11ನೇ ಜನರೇಶನ್‌ನಿಂದ ಅದು ಈ 4:2:2 ಎಚ್‌.265 ಫೈಲನ್ನ ಬಿಚ್ಚುತ್ತೆ. ಎನ್ವಿಡಿಯಾ ಕಾರ್ಡುಗಳಿಗೆ ಇದು ಬಂದಿದ್ದು 2025ರ ಆರ್‌ಟಿಎಕ್ಸ್ 50 ಸೀರೀಸ್‌ನಲ್ಲಿ. ಅದಕ್ಕೇ ಭಾವಮೈದ ಎಫ್ ಬೇಡ ಅಂದಿದ್ದು. ಐ5-12400ಎಫ್ ಎರಡು ಮೂರು ಸಾವಿರ ಕಮ್ಮಿಗೆ ಸಿಗುತ್ತೆ, ಆದ್ರೆ ಎಫ್ ಅಂದ್ರೆ ಗ್ರಾಫಿಕ್ಸ್ ಇಲ್ಲ, ಗ್ರಾಫಿಕ್ಸ್ ಇಲ್ಲ ಅಂದ್ರೆ ಕ್ವಿಕ್ ಸಿಂಕೂ ಇಲ್ಲ. ಆ ಒಂದಕ್ಷರಕ್ಕೆ ನಮ್ಮ ಕೆಲಸದೋರಿಗೆ ಪ್ರೊಸೆಸರ್‌ನ ಅರ್ಧ ಬೆಲೆ ಹೋದಂಗೆ.

5700 ಕೆಟ್ಟ ಪ್ರೊಸೆಸರ್ ಅಂತ ನಾನು ಹೇಳ್ತಿಲ್ಲ, ಹಾಗಂತ ಓದ್ಕೋಬೇಡಿ. ಒಳ್ಳೇ ಕಾರ್ಡ್ ಇರೋರಿಗೆ, ಎಂಟು ಕೋರ್ ಬಳಸೋ ಬೇರೆ ಕೆಲಸದೋರಿಗೆ ಆ ರೇಟಿಗೆ ಸರೀನೇ. ನನ್ನ ಕೆಲಸ ಏನು, ನನ್ನತ್ರ ಕಾರ್ಡ್ ಇಲ್ಲ ಅಂತ ಕೇಳಿಸ್ಕೊಂಡೂ ಕೊಟ್ರಲ್ಲ, ನಂಗೆ ಸಿಟ್ಟಿರೋದು ಅದಕ್ಕೆ.

ಕೊನೆಗೆ ಸಾಲ ಮಾಡಿ 12400 ತಗೊಂಡೆ, ಸೀಲ್ ಇರೋ ಡಬ್ಬದಲ್ಲಿ, 14,200. ಡಿಡಿಆರ್4 ಬೋರ್ಡು 7,400. ಬೋರ್ಡ್ ತಗೋವಾಗಲೂ ಹುಷಾರು, ಎಚ್610, ಬಿ660, ಬಿ760 ಮೂರರಲ್ಲೂ ಡಿಡಿಆರ್4ದು ಬೇರೆ, ಡಿಡಿಆರ್5ದು ಬೇರೆ ಬರುತ್ತೆ, ಹೆಸ್ರು ಹೆಚ್ಚೂಕಮ್ಮಿ ಒಂದೇ ಥರ ಇರುತ್ತೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರಲ್ಲ. ಅವತ್ತು ರಾತ್ರಿ ಅದೇ ಕ್ಲಿಪ್ಪು, ಅದೇ ಧಾರೆಯ ಸೀನು ಹಾಕಿ ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟೆ. ಸಿಪಿಯು ಗೆರೆ ಕೆಳಗೇ ಮಲಗಿತ್ತು, ಗ್ರಾಫಿಕ್ಸ್ ಕೆಳಗೆ ವಿಡಿಯೋ ಡಿಕೋಡ್ ಅಂತಿದೆಯಲ್ಲ ಆ ಗೆರೆ ಮೇಲೇರಿತು, ಹಾಲು ನೀರು ಕೈಮೇಲೆ ಬೀಳೋದು ಒಂದು ಫ್ರೇಮೂ ತಪ್ಪದೆ ಹರೀತು. ಎಂಟು ಕೋರ್ ಕೈಲಿ ಆಗದ್ದು ಆರು ಕೋರಲ್ಲಿ ಆಯ್ತು.

ನಾನು ಅನುಭವಿಸದಿದ್ರೂ ಆ ಅಂಗಡಿ ಸಾಲಲ್ಲಿ ಕಣ್ಣಾರೆ ನೋಡಿದ್ದು ಎರಡಿದೆ, ಅದನ್ನೂ ಹೇಳ್ಬಿಡ್ತೀನಿ. ಐ7 ಅಂತ ಹೇಳಿ ಐ7-7700 ಮಾರ್ತಾರೆ. ಅದು 2017ರದ್ದು, ನಾಲ್ಕು ಕೋರ್, ಮೈಕ್ರೋಸಾಫ್ಟ್ ಲೆಕ್ಕದಲ್ಲಿ ವಿಂಡೋಸ್ 11ಕ್ಕೆ ಬರಲ್ಲ, ವಿಂಡೋಸ್ 10ರ ಸಪೋರ್ಟು 2025 ಅಕ್ಟೋಬರ್ 14ಕ್ಕೇ ಮುಗೀತು. 12ನೇ ಜನರೇಶನ್ ಐ3 ಅದಕ್ಕಿಂತ ಫಾಸ್ಟ್ ಇದೆ. ಮಗ ಕಾಲೇಜ್ ಸೇರಿದಾನೆ ಅಂತ ಒಬ್ರು ಹಿರಿಯರು ಐ7 ಅನ್ನೋ ಹೆಸರಿಗೆ ದುಡ್ಡು ಎಣಿಸ್ತಿದ್ರು, ತಡೆಯಕ್ಕಾಗದೆ ಹೋಗಿ ಹೇಳಿದೆ.

ಇನ್ನೊಂದು ಬಳಸಿದ 13, 14ನೇ ಜನರೇಶನ್ನಿನ ಐ7, ಐ9. ಅದ್ರಲ್ಲಿ ವೋಲ್ಟೇಜ್ ಜಾಸ್ತಿ ಹೋಗಿ ಸಿಸ್ಟಮ್ ಕ್ರ್ಯಾಶ್ ಆಗೋ ತೊಂದ್ರೆ ಇದೆ ಅಂತ ಇಂಟೆಲ್ಲೇ 2024ರಲ್ಲಿ ಒಪ್ಕೊಂಡು, ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆ) ಅಪ್‌ಡೇಟ್ ಕೊಟ್ಟು, ಡಬ್ಬದ ಪ್ರೊಸೆಸರ್‌ಗಳ ವಾರಂಟಿ ಮೂರರಿಂದ ಐದು ವರ್ಷ ಮಾಡ್ತು. ಆದ್ರೆ ಆಗ್ಲೇ ಹಾಳಾಗಿರೋದು ಅಪ್‌ಡೇಟ್‌ನಿಂದ ಸರಿ ಹೋಗಲ್ಲ. ಮೊದ್ಲ ಯಜಮಾನ ಅಪ್‌ಡೇಟ್ ಇಲ್ದೇ ಎಷ್ಟು ತಿಂಗ್ಳು ಓಡಿಸಿದಾನೋ ನಿಮಗೆ ಗೊತ್ತಾಗಲ್ಲ. ಬಿಲ್ಲು, ಡಬ್ಬ ಎರಡೂ ಇಲ್ಲ ಅಂದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಮುಟ್ಟಬೇಡಿ.

ಟ್ರೇ ವಿಷ್ಯ ಅಂತೂ ಮರೀಬೇಡಿ. ಇಂಟೆಲ್, ಎಎಂಡಿ ಎರಡೂ ಕಂಪನಿಯೋರು ಮೂರು ವರ್ಷದ ವಾರಂಟಿ ನೇರವಾಗಿ ಕೊಡೋದು ಡಬ್ಬದಲ್ಲಿ ಬಂದಿದ್ದಕ್ಕೆ. ಟ್ರೇದು ಮಾರಿದೋನ ಹತ್ರವೇ ಕೇಳ್ಬೇಕು, ಅವನು ಫೋನ್ ಎತ್ತದಿದ್ರೆ ಮುಗೀತು. ಜಿಎಸ್‌ಟಿ ಬಿಲ್ಲಲ್ಲಿ ಪೂರ್ತಿ ಮಾಡೆಲ್ ಹೆಸ್ರು, ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಬರೆಯಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ, ಆದ್ರೆ ಬಿಲ್ಲಲ್ಲಿ "ಆರ್7" ಅಂತ ಮಾತ್ರ ಇರೋದ್ರಿಂದ ನನ್ನ ಕೈ ಕಟ್ಟಿದೆ.

ಮದ್ವೆ ವಿಡಿಯೋ 11 ದಿನ ತಡವಾಗಿ ಕೊಟ್ಟೆ. ಹುಡುಗಿ ಅಪ್ಪ ಒಂದು ಮಾತೂ ಬೈಲಿಲ್ಲ. "ಮಗ್ಳು ಅಮೆರಿಕಾಗೆ ಹೊರಟ್ಲಪ್ಪ, ಎಲ್ರೂ ಒಟ್ಟಿಗೆ ಕೂತ್ಕೊಂಡು ನೋಡೋಣ ಅಂತಿದ್ವಿ" ಅಂದ್ರು ಅಷ್ಟೇ.

ಆ 5700 ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಸ್ವಂತ ಕಾರ್ಡ್ ಇರೋ ಬಿಇ ಹುಡುಗ ಒಬ್ಬ ಎಂಟು ಸಾವಿರಕ್ಕೆ ಕೇಳಿದಾನೆ. ಎರಡು ಪಿನ್ನು ಬಗ್ಗಿದ್ದ ಫೋಟೋ, ನೆಟ್ಟಗೆ ಮಾಡಿದ್ಮೇಲಿನ ಫೋಟೋ ಎರಡೂ ಕಳಿಸಿದೀನಿ, ಇದು ಎಕ್ಸ್ ಅಲ್ಲ, ಡಿಸ್‌ಪ್ಲೇ ಇಲ್ಲ, ವಾರಂಟಿ ಇಲ್ಲ, ಬಯೋಸ್ ಮೊದ್ಲು ಅಪ್‌ಡೇಟ್ ಮಾಡ್ಕೋ ಅಂತ ಬರೆದಿದೀನಿ. ಭಾನುವಾರ ಬರ್ತಾನಂತೆ, ಅವನ ಬೋರ್ಡ್ ತಗೊಂಡು ಬಾ, ಇಲ್ಲೇ ಕೂರಿಸಿ ಚಿತ್ರ ಬಂದ್ಮೇಲೆ ದುಡ್ಡು ಕೊಡು ಅಂತ ಹೇಳಿದೀನಿ.