ಹಿಮನದಿಯ ಹರಿವಿನ ಲೆಕ್ಕಕ್ಕೆ ಐಜಿಎಂ: ದೀರ್ಘಕಾಲದ ಬಳಕೆಯ ನಂತರ

ಹಿಮನದಿಗಳ ಹರಿವನ್ನು ಲೆಕ್ಕ ಹಾಕಲು ನಾನು ಕೆಲವು ವರ್ಷಗಳಿಂದ ಇನ್‌ಸ್ಟ್ರಕ್ಟೆಡ್ ಗ್ಲೇಸಿಯರ್ ಮಾಡೆಲ್, ಅಂದರೆ ಐಜಿಎಂ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಗಿಯೋಮ್ ಜೂವೆ ಅವರ ನೇತೃತ್ವದಲ್ಲಿ, ಪೈಥಾನ್ ಭಾಷೆಯನ್ನೂ ಯಂತ್ರಕಲಿಕೆಯ ತಂತ್ರಾಂಶವಾದ ಟೆನ್ಸರ್‌ಫ್ಲೋವನ್ನೂ ಬಳಸಿ ಇದನ್ನು ರೂಪಿಸಲಾಗಿದೆ.

ಮಂಜುಗಡ್ಡೆ ತನ್ನ ಭಾರಕ್ಕೆ ತಾನೇ ಮಣಿದು ಹರಿಯುತ್ತದೆ. ಒತ್ತಡಕ್ಕೂ ಮಂಜುಗಡ್ಡೆಯ ವಿರೂಪಕ್ಕೂ ಇರುವ ಸಂಬಂಧವನ್ನು ಹೇಳುವ ಗ್ಲೆನ್ ನಿಯಮದ ರೂಢಿಯ ಘಾತಾಂಕ 3 ಆಗಿರುವುದರಿಂದ ಒತ್ತಡ ಇಮ್ಮಡಿಯಾದರೆ ವಿರೂಪದ ದರ ಎಂಟು ಪಟ್ಟಾಗುತ್ತದೆ. ಸ್ನಿಗ್ಧತೆಯೂ (ಹರಿವಿಗೆ ಒಡ್ಡುವ ಪ್ರತಿರೋಧ) ಹರಿವಿನೊಡನೆ ಬದಲಾಗುವ ಕಾರಣ ಪ್ರತಿ ಕಾಲಹಂತದಲ್ಲೂ ಸಮೀಕರಣಗಳನ್ನು ಮತ್ತೆ ಮತ್ತೆ ಬಿಡಿಸಬೇಕಾಗುತ್ತದೆ. ಐಜಿಎಂ ಈ ಹೊರೆಯನ್ನು ನ್ಯೂರಲ್ ನೆಟ್‌ವರ್ಕ್‌ಗೆ, ಅಂದರೆ ಉತ್ತರವನ್ನು ಅಂದಾಜಿಸಲು ಕಲಿತ ಗಣಿತ ಮಾದರಿಗೆ, ವಹಿಸುವುದರಿಂದ ಲೆಕ್ಕ ಬಹಳ ವೇಗವಾಗಿ ಮುಗಿಯುತ್ತದೆ.

ಈ ವೇಗದ ಶ್ರೇಯಸ್ಸೆಲ್ಲ ಗ್ರಾಫಿಕ್ಸ್ ಕಾರ್ಡಿನ ಪ್ರೊಸೆಸರ್ ಆದ ಜಿಪಿಯುವಿನದು ಎಂದು ಭಾವಿಸಬಾರದು. 2022ರ ಮೂಲ ಪ್ರಬಂಧದ ಪ್ರಕಾರ, ಹರಿವಿನ ಸಮೀಕರಣಗಳನ್ನು ಪೂರ್ಣವಾಗಿ ಬಿಡಿಸುವ ಸ್ಟೋಕ್ಸ್ ಮಾದರಿಗಿಂತ ಸಾವಿರ ಪಟ್ಟಿನವರೆಗಿನ ವೇಗ ಸಾಮಾನ್ಯ ಸಿಪಿಯುವಿನಲ್ಲೇ, ಆ ಮಾದರಿಯ ಫಲಿತಾಂಶಕ್ಕೆ ಶೇ. 90ಕ್ಕೂ ಮೀರಿದ ಹೊಂದಾಣಿಕೆಯೊಂದಿಗೆ ಸಾಧ್ಯವಾಗಿತ್ತು. ಹಿಮನದಿಯನ್ನು ಲೆಕ್ಕಕ್ಕಾಗಿ ವಿಭಾಗಿಸಿದ ಲಕ್ಷಾಂತರ ಚೌಕಗಳ ಮೇಲೆ ಒಂದೇ ಕ್ರಿಯೆಯನ್ನು ಏಕಕಾಲಕ್ಕೆ ನಡೆಸಬಲ್ಲ ಜಿಪಿಯುವಿನ ನಿಜವಾದ ಬಲ ಕಾಣುವುದು ದೊಡ್ಡ, ಸೂಕ್ಷ್ಮ ಚೌಕಜಾಲಗಳಲ್ಲಿ. ಚಿಕ್ಕ ಹಿಮನದಿಯೊಂದಕ್ಕಾಗಿಯೇ ದುಬಾರಿ ಕಾರ್ಡ್ ಕೊಳ್ಳುವುದನ್ನು ನಾನು ಸಮರ್ಥಿಸಲಾರೆ.

ನನ್ನ ಮಟ್ಟಿಗೆ ಇದರ ಬೆಲೆ ಇರುವುದು, ತಳದ ಜಾರಿಕೆಯನ್ನೂ ಮಂಜಿನ ದಪ್ಪವನ್ನೂ ಬದಲಿಸುತ್ತ ಅದೇ ಲೆಕ್ಕವನ್ನು ನೂರಾರು ಬಾರಿ ಓಡಿಸಿ, ಫಲಿತಾಂಶದ ಅನಿಶ್ಚಿತತೆಯನ್ನು ಪ್ರಾಮಾಣಿಕವಾಗಿ ಅಳೆಯಲು ಸಾಧ್ಯವಾಗುವುದರಲ್ಲಿ. ಆಲ್ಪ್ಸ್‌ನ ಎಲ್ಲ ಹಿಮನದಿಗಳನ್ನೂ ಇದರಿಂದ ಲೆಕ್ಕ ಹಾಕಿದ 2023ರ ಅಧ್ಯಯನವು, ಹವಾಮಾನ ಇನ್ನು ಬದಲಾಗದಿದ್ದರೂ 2050ರೊಳಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂಜು ಕರಗುವುದೆಂದು ತೋರಿಸಿತು. ಒಂದಿಡೀ ಪರ್ವತಶ್ರೇಣಿಯ ಹರಿವನ್ನು ಹೀಗೆ ಮೂರು ಆಯಾಮಗಳಲ್ಲಿ ಹಿಡಿಯುವುದು ಅಸಾಮಾನ್ಯ ಸಾಧನೆಯೆಂದೇ ನಾನು ನಂಬುತ್ತೇನೆ.

ತೊಡಕುಗಳೂ ಇವೆ. ಚೌಕಜಾಲದ ಅಂತರವನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟಾಗಿ, ಕಾರ್ಡಿನ ಮೆಮೊರಿ ಬೇಗನೆ ತುಂಬುತ್ತದೆ. ಟೆನ್ಸರ್‌ಫ್ಲೋ ಮತ್ತು ಜಿಪಿಯುವಿನಲ್ಲಿ ಲೆಕ್ಕ ನಡೆಸಲು ಬೇಕಾದ ಎನ್ವಿಡಿಯಾದ ಕುಡಾ ತಂತ್ರಾಂಶದ ಆವೃತ್ತಿಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ವಿಂಡೋಸ್‌ನಲ್ಲಿ ಟೆನ್ಸರ್‌ಫ್ಲೋ 2.10ರ ನಂತರ ಜಿಪಿಯುವಿಗೆ ನೇರ ಬೆಂಬಲವಿಲ್ಲದ ಕಾರಣ ಲಿನಕ್ಸ್ ಅನ್ನೇ ಆರಿಸಿಕೊಳ್ಳುವುದು ಮೇಲು. ಹಿಮಾಲಯದಲ್ಲಂತೂ ಕಲ್ಲುಮಣ್ಣಿನ ಹೊದಿಕೆಯುಳ್ಳ ಹಿಮನದಿಗಳು ಅನೇಕ, ದಪ್ಪವನ್ನು ಅಳೆದಿರುವುದು ಕೆಲವೇ ಕಡೆ. ಆ ಕೊರತೆಯನ್ನು ಯಾವ ಪ್ರೊಸೆಸರೂ ತುಂಬಲಾರದು.

ಮೊದಲ ಆವೃತ್ತಿಗೆ ಬೇರೆ ಮಾದರಿಗಳ ಫಲಿತಾಂಶಗಳಿಂದ ತರಬೇತಿ ಬೇಕಿತ್ತು. ನಂತರದ ಆವೃತ್ತಿಗಳಲ್ಲಿ ನೆಟ್‌ವರ್ಕ್ ಹರಿವಿನ ಭೌತಿಕ ಸಮೀಕರಣಗಳಿಗೆ ಸಂಬಂಧಿಸಿದ ಶಕ್ತಿಯನ್ನು ಕನಿಷ್ಠಗೊಳಿಸುತ್ತ, ಲೆಕ್ಕ ನಡೆಯುತ್ತಿರುವಾಗಲೇ ಕಲಿಯುತ್ತದೆ. ನನ್ನ ವಿಶ್ವಾಸ ಗಟ್ಟಿಯಾದದ್ದು ಇದರಿಂದಲೇ. ಆದರೂ ಹೊಸ ಕಣಿವೆಯೊಂದನ್ನು ಕೈಗೆತ್ತಿಕೊಂಡಾಗ, ನೆಟ್‌ವರ್ಕ್ ಕೊಟ್ಟ ಮಂಜಿನ ಹರಿವಿನ ವೇಗವನ್ನು ಸಮೀಕರಣಗಳ ನೇರ ಪರಿಹಾರದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಮುಂದುವರಿಯುತ್ತೇನೆ.