ಅಂಗೈಯಗಲದ ಮಿಂಚು ಡಿಟೆಕ್ಟರ್: ಮೂರು ಹಂಗಾಮು ಬಳಸಿದ ಮೇಲೆ

ಬೆಲ್ಟಿಗೋ ಬ್ಯಾಗಿನ ಪಟ್ಟಿಗೋ ಸಿಕ್ಕಿಸುವ ಡಿಟೆಕ್ಟರ್ ಇದು. ಎರಡು ಟ್ರಿಪಲ್ ಎ ಸೆಲ್ ಹಾಕಿದರೆ ಸಾಕು, ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಚಾರಣ, ಮೈದಾನದ ಆಟ, ದೋಣಿ, ಸೈಕಲ್, ಟೆಂಟ್ ಹೀಗೆ ಬಯಲಲ್ಲಿ ಹೊತ್ತು ಕಳೆಯುವವರು ಇದನ್ನು ಕೊಳ್ಳಬಹುದೇ? ಖಂಡಿತ ಕೊಳ್ಳಬಹುದು, ಆದರೆ ಓದುವ ಬಗೆ ಗೊತ್ತಿರಬೇಕು. ಪರದೆಯ ಮೇಲಿನ ಅಂಕಿಯನ್ನಲ್ಲ, ಆ ಅಂಕಿ ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ನಂಬಿ. ಬೀಪ್ ಬಂದರೆ ಹೊರಡಿ. ಬೀಪ್ ಬಂದಿಲ್ಲ ಎಂಬ ಧೈರ್ಯದ ಮೇಲೆ ಮಾತ್ರ ಕೂತಿರಬೇಡಿ.

ಯಾಕೆ ಹೀಗೆ ಎಂದು ತಿಳಿಯಲು ಒಳಗೆ ಏನಾಗುತ್ತದೆ ನೋಡೋಣ. ಮಿಂಚು ಹೊಡೆದಾಗ ಬೆಳಕಿನ ಜೊತೆ ರೇಡಿಯೋ ಅಲೆಯೂ ಹೊರಡುತ್ತದೆ. ಮೀಡಿಯಂ ವೇವ್ ರೇಡಿಯೋದಲ್ಲಿ ಮಳೆಗೆ ಮುಂಚೆ ಕೇಳುವ ಚರ್ರ್ ಸದ್ದು ಅದೇ. ಡಿಟೆಕ್ಟರ್ ಆ ಸದ್ದನ್ನು ಹಿಡಿದು, ಜೋರಾಗಿದ್ದರೆ ಹತ್ತಿರ, ಕ್ಷೀಣವಾಗಿದ್ದರೆ ದೂರ ಎಂದು ಅಂದಾಜು ಕಟ್ಟುತ್ತದೆ. ತೊಡಕು ಇರುವುದು ಇಲ್ಲೇ. ನೆಲಕ್ಕೆ ಬಡಿಯುವ ಮಿಂಚಿನ ಮೊದಲ ಹೊಡೆತದ ಕರೆಂಟು ಸಾಮಾನ್ಯವಾಗಿ 30 ಸಾವಿರ ಆಂಪಿಯರ್ ಆಸುಪಾಸು. ಆದರೆ ಕೆಲವೇ ಸಾವಿರದಿಂದ 2 ಲಕ್ಷ ದಾಟುವವರೆಗೂ ಅದು ಏರುಪೇರಾಗುತ್ತದೆ. 5 ಕಿ.ಮೀ. ದೂರದ 10 ಸಾವಿರ ಆಂಪಿಯರಿನ ಹೊಡೆತವೂ 15 ಕಿ.ಮೀ. ದೂರದ 30 ಸಾವಿರದ ಹೊಡೆತವೂ ಒಂದೇ ರಿಸೀವರಿನ ಕಿವಿಗೆ ಹೆಚ್ಚು ಕಡಿಮೆ ಒಂದೇ ಥರ ಕೇಳುತ್ತವೆ. ಒಂದು ಬೀಪಿನ ಜೊತೆ ಬಂದ ಒಂದು ಅಂಕಿಗೆ ಅಷ್ಟೇ ಬೆಲೆ.

ಇಂಥ ಪುಟ್ಟ ಯಂತ್ರಗಳಲ್ಲಿ ಹಲವಕ್ಕೆ ಎಎಸ್3935 ಎಂಬ ಚಿಪ್ ಆಧಾರ. ಅದು ಕೇಳಿಸಿಕೊಳ್ಳುವುದು 500 ಕಿಲೋಹರ್ಟ್ಸ್ ಸುತ್ತಮುತ್ತ. ಹಲವು ಹೊಡೆತಗಳ ಲೆಕ್ಕ ಇಟ್ಟುಕೊಂಡು, ಈಗ ಹೊಡೆದ ಮಿಂಚಿನ ದೂರವನ್ನಲ್ಲ, ಗುಡುಗು ಮೋಡದ ಮುಂಭಾಗ ಎಷ್ಟು ದೂರದಲ್ಲಿರಬಹುದು ಎಂಬುದನ್ನು ಹೇಳುತ್ತದೆ. ಹೇಳುವುದೂ ಮೆಟ್ಟಿಲು ಮೆಟ್ಟಿಲಾಗಿ: 40, 37, 34, 31, 27, 24, 20, 17, 14, 12, 10, 8, 6, 5, ಕೊನೆಗೆ ನೆತ್ತಿಯ ಮೇಲೆ. 11 ಎಂಬ ಅಂಕಿ ಈ ಚಿಪ್ಪಿನಿಂದ ಬರುವುದೇ ಇಲ್ಲ. 12 ಇದ್ದದ್ದು 10 ಆದರೆ ಮೋಡ ಸರಿಯಾಗಿ ಎರಡು ಕಿಲೋಮೀಟರ್ ನಡೆದು ಬಂತು ಎಂದಲ್ಲ, ಒಂದು ಮೆಟ್ಟಿಲು ಇಳಿಯಿತು ಎಂದಷ್ಟೇ. ಅಂಕಿಯ ಬದಲು ಬಣ್ಣದ ಎಲ್‌ಇಡಿ ಹೊತ್ತಿಸುವ ಮಾದರಿಗಳು ಒರಟಾಗಿ ಕಂಡರೂ ತಮಗೆ ಗೊತ್ತಿರುವುದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆ ಕಾರಣಕ್ಕೇ ಅವನ್ನು ಮೆಚ್ಚುವವರೂ ಇದ್ದಾರೆ.

ಕನ್ನಡದಲ್ಲಿ ಮಿಂಚುವುದು ಬೇರೆ, ಸಿಡಿಲು ಬಡಿಯುವುದು ಬೇರೆ. ಯಂತ್ರಕ್ಕೆ ಆ ಭೇದವಿಲ್ಲ. ಮೋಡದೊಳಗೇ ಹೊಳೆದು ಅಡಗುವ ಮಿಂಚನ್ನೂ ಅದು ಎಣಿಸುತ್ತದೆ. ಇದು ಅನುಕೂಲವೇ. ಒಟ್ಟು ಮಿಂಚಿನಲ್ಲಿ ಬಹುಪಾಲು ಮೋಡ ಬಿಟ್ಟು ಕೆಳಗಿಳಿಯುವುದಿಲ್ಲ, ಮೋಡ ಬಲಿಯುವಾಗ ಸಾಮಾನ್ಯವಾಗಿ ಮೊದಲು ಶುರುವಾಗುವುದೂ ಅದೇ. ಹಾಗಾಗಿ ಮೊದಲ ಸಿಡಿಲಿಗೆ ಕೆಲವು ನಿಮಿಷ ಮುಂಚೆ ಎಚ್ಚರಿಕೆ ಸಿಗುವುದುಂಟು. ಎಲ್ಲ ಮೋಡವೂ ಆ ಕ್ರಮ ಪಾಲಿಸುವುದಿಲ್ಲ. ಮೊದಲ ಹೊಳಪೇ ನೆಲಕ್ಕೆ ಇಳಿದರೆ ಈ ಯಂತ್ರ ಮುಂಚಿತವಾಗಿ ಏನನ್ನೂ ಹೇಳಲಾರದು. ನೆತ್ತಿಯ ಮೇಲೆ ಹೂಕೋಸಿನಂತೆ ಮೇಲಕ್ಕೇಳುತ್ತಿರುವ ಮೋಡದ ತಳ ಕಪ್ಪಾಗುತ್ತಿದ್ದರೆ, ಪರದೆ ಖಾಲಿ ಇದ್ದರೂ ಹೊರಡುವುದೇ ಸರಿ.

ಇನ್ನು ಬಳಸುವ ಬಗೆ. ಐದು ನಿಮಿಷಕ್ಕೊಮ್ಮೆ ಅಂಕಿಯನ್ನೂ ಗಂಟೆಯನ್ನೂ ಗುರುತು ಹಾಕಿಕೊಳ್ಳಿ. 20 ನಿಮಿಷದಲ್ಲಿ 34 ಹೋಗಿ 20 ಬಂದಿದೆ ಎನ್ನಿ. 14 ಕಿ.ಮೀ. ಹತ್ತಿರವಾಯಿತು, ಅಂದರೆ ಗಂಟೆಗೆ ಸುಮಾರು 42 ಕಿ.ಮೀ. ವೇಗ. 10 ಕಿ.ಮೀ. ಒಳಗೆ ಬಂದರೆ ಅಪಾಯದ ವಲಯ ಎಂದಿಟ್ಟುಕೊಂಡರೆ ಉಳಿದಿರುವುದು ಹೆಚ್ಚೆಂದರೆ 14 ನಿಮಿಷ. ಈಗ ಇದನ್ನೇ ತಿರುಗಿಸಿ, ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡಿ. ಗಟ್ಟಿ ಕಟ್ಟಡ ಅಥವಾ ಲೋಹದ ಮಾಡು ಇರುವ ಮುಚ್ಚಿದ ಕಾರು ತಲುಪಲು 30 ನಿಮಿಷ ಬೇಕು, ಮೋಡ ಗಂಟೆಗೆ 40 ಕಿ.ಮೀ. ಬರುತ್ತದೆ ಎಂದರೆ, ಆ ಅರ್ಧ ಗಂಟೆಯಲ್ಲಿ ಅದು 20 ಕಿ.ಮೀ. ಬಂದಿರುತ್ತದೆ. 20ಕ್ಕೆ 10 ಸೇರಿಸಿದರೆ 30. ಆ ಅಂಕಿ ಮೆಟ್ಟಿಲುಗಳಲ್ಲಿ ಇಲ್ಲ, ಹಾಗಾಗಿ ಪರದೆ 31 ತೋರಿಸಿದಾಗಲೇ ತಿರುಗಬೇಕು. 45 ನಿಮಿಷದ ದಾರಿಯಾದರೆ ಲೆಕ್ಕ 40ಕ್ಕೆ ಬಂದು ನಿಲ್ಲುತ್ತದೆ, ಅದು ಯಂತ್ರದ ಕೇಳುವ ಶಕ್ತಿಯ ಕಟ್ಟಕಡೆ. ಅದಕ್ಕಿಂತ ದೂರ ಹೋಗುವವರು ಹೊರಡಬೇಕೋ ಬೇಡವೋ ಎಂಬುದನ್ನು ಹವಾಮಾನ ಮುನ್ಸೂಚನೆ ನೋಡಿ ತೀರ್ಮಾನಿಸಬೇಕು, ಡಿಟೆಕ್ಟರ್ ನೋಡಿ ಅಲ್ಲ. ಈ ಲೆಕ್ಕ ಸಾಗಿ ಬರುವ ಮೋಡಕ್ಕೆ ಮಾತ್ರ. ಹತ್ತಿರದಲ್ಲೇ ಹೊಸದಾಗಿ ಹುಟ್ಟುವ ಮೋಡ 40ರಿಂದ ಇಳಿಯುತ್ತಾ ಬರುವುದಿಲ್ಲ, ನೇರ 8ಕ್ಕೋ 6ಕ್ಕೋ ಪ್ರತ್ಯಕ್ಷವಾಗುತ್ತದೆ.

ಮೂರು ಹಂಗಾಮಿನಲ್ಲಿ ಹೆಚ್ಚು ಕಾಡುವುದು ಸುಳ್ಳು ಬೀಪ್. ಟ್ಯೂಬ್‌ಲೈಟ್ ಹೊತ್ತಿಕೊಳ್ಳುವ ಕ್ಷಣ, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಮೋಟರು, ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಇವೆಲ್ಲ ಅದೇ ಬಗೆಯ ರೇಡಿಯೋ ಗದ್ದಲ ಎಬ್ಬಿಸುತ್ತವೆ. ವಿದ್ಯುತ್ ಬೇಲಿಯ ಪಕ್ಕ ನಿಂತರೆ ಸುಮಾರು ಸೆಕೆಂಡಿಗೊಂದರಂತೆ ತಾಳ ಹಾಕಿದ ಹಾಗೆ ಬೀಪ್ ಬರಬಹುದು. ಆ ತಾಳವೇ ಅದರ ಗುಟ್ಟು ಬಿಟ್ಟುಕೊಡುತ್ತದೆ, ಮಿಂಚು ಎಂದೂ ತಾಳಕ್ಕೆ ಸರಿಯಾಗಿ ಹೊಡೆಯುವುದಿಲ್ಲ. ಕಟ್ಟಡದಿಂದ ಒಂದಷ್ಟು ಹೆಜ್ಜೆ ಆಚೆ ಹೋಗಿ ಯಂತ್ರ ಆನ್ ಮಾಡಿ. ಒಳಗೇ ಆನ್ ಮಾಡಿ ಹೊರಗೆ ತಂದರೆ ಒಳಗಿನ ಗದ್ದಲವೂ ಅದರ ಲೆಕ್ಕದಲ್ಲಿ ಸೇರಿ, ಮುಂದಿನ ಅಂದಾಜು ಕೆಡಬಹುದು. ಹಾಗಾಗಿದ್ದರೆ ಆಫ್ ಮಾಡಿ ಮತ್ತೆ ಆನ್ ಮಾಡಿದರಾಯಿತು. ಮೊಬೈಲು, ಪವರ್ ಬ್ಯಾಂಕು ಬಲ ಜೇಬಿನಲ್ಲಿದ್ದರೆ ಡಿಟೆಕ್ಟರ್ ಎಡ ಭುಜದ ಪಟ್ಟಿಯಲ್ಲಿರಲಿ.

ಸುಳ್ಳು ಬೀಪ್ ಕಿರಿಕಿರಿ ಅಷ್ಟೇ, ಬರಬೇಕಾದ ಬೀಪ್ ಬಾರದಿರುವುದು ಪ್ರಾಣಕ್ಕೆ ಕುತ್ತು. ಒಳಾಂಗಣ, ಹೊರಾಂಗಣ ಎಂಬ ಎರಡು ಸೆಟ್ಟಿಂಗ್ ಇರುವ ಮಾದರಿಗಳಲ್ಲಿ ಒಳಾಂಗಣದ್ದೇ ಹೆಚ್ಚು ಸೂಕ್ಷ್ಮ, ಗೋಡೆ ದಾಟುವಾಗ ಕುಂದಿದ ಅಲೆಯನ್ನೂ ಹಿಡಿಯಬೇಕಲ್ಲ. ಅದನ್ನೇ ಬಯಲಿಗೆ ಒಯ್ದರೆ ದೂರದ್ದೂ ಹತ್ತಿರದ್ದಾಗಿ ಕಾಣುತ್ತದೆ. ಹೊರಾಂಗಣದ್ದನ್ನು ಮನೆಯೊಳಗೆ ಇಟ್ಟರೆ ಎಷ್ಟೋ ಮಿಂಚು ತಪ್ಪಿಹೋಗುತ್ತದೆ. ಇನ್ನೊಂದು ಸೆಟ್ಟಿಂಗ್ ಎಷ್ಟು ಮಿಂಚಿನ ನಂತರ ಎಚ್ಚರಿಸಬೇಕು ಎಂಬುದು. ಚಿಪ್ಪಿನಲ್ಲಿ 1, 5, 9, 16 ಎಂಬ ಆಯ್ಕೆಗಳಿವೆ. ಸುಳ್ಳು ಬೀಪಿಗೆ ಬೇಸತ್ತು 5ಕ್ಕೆ ಇಟ್ಟರೆ ಮೊದಲ ನಾಲ್ಕು ಮಿಂಚಿಗೆ ಯಂತ್ರ ಬಾಯಿ ಬಿಡುವುದಿಲ್ಲ. ಬಯಲಲ್ಲಿ ಅದು 1ರಲ್ಲೇ ಇರಬೇಕು. ಪರದೆಯಲ್ಲಿ ಗದ್ದಲದ ಗುರುತು ಬಂದಿದ್ದರೆ ಯಂತ್ರ ಸದ್ಯಕ್ಕೆ ಕಿವುಡಾಗಿದೆ ಎಂದೇ ತಿಳಿಯಿರಿ.

ಒಳಗಿನ ಆಂಟೆನಾ ಫೆರೈಟ್ ಕಡ್ಡಿಗೆ ಸುತ್ತಿದ ತಂತಿ. ಕಡ್ಡಿ ನೆಲಕ್ಕೆ ಸಮನಾಗಿ ಮಲಗಿದ್ದರೆ ಎರಡೂ ಬದಿಯಿಂದ ಬರುವ ಅಲೆ ಚೆನ್ನಾಗಿ ಸಿಗುತ್ತದೆ, ಅದರ ತುದಿ ನೋಡುವ ದಿಕ್ಕಿನಿಂದ ಬರುವುದು ತೀರಾ ಕಡಿಮೆ. ಕಡ್ಡಿ ನೆಟ್ಟಗೆ ನಿಂತರೆ ನೆಲಕ್ಕೆ ಇಳಿಯುವ ಮಿಂಚಿನ ಅಲೆ ಎಲ್ಲ ಕಡೆಯಿಂದಲೂ ಕುಂದುತ್ತದೆ. ಕೈಪಿಡಿ ನಿಲ್ಲಿಸಿ ಹಿಡಿಯಿರಿ ಎಂದರೆ ನಿಲ್ಲಿಸಿಯೇ ಹಿಡಿಯಿರಿ, ಕಡ್ಡಿ ಒಳಗೆ ಅಡ್ಡ ಇರುವಂತೆ ಜೋಡಿಸಿರುತ್ತಾರೆ. ಬ್ಯಾಗಿನ ತಳದಲ್ಲಿ ಹೇಗೋ ಬಿದ್ದುಕೊಂಡಿರುವ ಡಿಟೆಕ್ಟರ್ ಅರ್ಧ ಆಕಾಶವನ್ನು ಕೇಳದೇ ಇರಬಹುದು. ಸಂಶಯ ಬಂದರೆ ಕಾಲು ಸುತ್ತು ತಿರುಗಿ ಒಂದೆರಡು ನಿಮಿಷ ನಿಲ್ಲಿ. ಲೋಹದ ಮಾಡಿನ ಕಾರಿನೊಳಗೆ, ಸ್ಟೀಲ್ ಡಬ್ಬಿಯ ಪಕ್ಕ, ಒಳಗೆ ಬೆಳ್ಳಿಬಣ್ಣದ ಹಾಳೆ ಇರುವ ಚೀಲದಲ್ಲಿ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಾದಾ ಪ್ಲಾಸ್ಟಿಕ್ ಚೀಲದಿಂದ ತೊಂದರೆಯಿಲ್ಲ, ಮಳೆಗೆ ಅದೇ ಒಳ್ಳೆಯ ರಕ್ಷಣೆ.

ಟೆಸ್ಟ್ ಬಟನ್ ಒತ್ತಿದಾಗ ಬೀಪ್ ಬಂದು ದೀಪ ಹೊತ್ತಿತು ಎಂದರೆ ಬೀಪರೂ ದೀಪವೂ ಸರಿಯಿವೆ ಎಂದಷ್ಟೇ. ಅನೇಕ ಮಾದರಿಗಳಲ್ಲಿ ಆ ಬಟನ್ ರಿಸೀವರನ್ನು ಮುಟ್ಟುವುದೇ ಇಲ್ಲ. ನಿಜವಾದ ಪರೀಕ್ಷೆ ಗುಡುಗು ಇರುವ ದಿನ, ಮನೆಯೊಳಗೆ ಕಿಟಕಿ ಮುಚ್ಚಿ ಕೂತು. ಸೆಲ್ ಹಾಕಿದ ರೇಡಿಯೋವನ್ನು ಮೀಡಿಯಂ ವೇವಿನ ಕೆಳತುದಿಯಲ್ಲಿ, 530ರಿಂದ 600ರ ನಡುವೆ, ಸ್ಟೇಷನ್ ಇಲ್ಲದ ಕಡೆ ಇಡಿ. ಮಿಂಚು ಕಂಡಾಗ ರೇಡಿಯೋ ಚರ್ರ್ ಎಂದು, ಡಿಟೆಕ್ಟರ್ ಸುಮ್ಮನಿದ್ದರೆ ಅದು ತಪ್ಪಿಸಿಕೊಳ್ಳುತ್ತಿದೆ. ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 24 ಎಣಿಸಿದರೆ 8. ಪರದೆ 6ರಿಂದ 12ರೊಳಗೆ ಏನು ತೋರಿಸಿದರೂ ಇಂಥ ಯಂತ್ರಕ್ಕೆ ಅದು ಒಳ್ಳೆಯ ಅಂಕವೇ.

ಬಾಳಿಕೆಯ ವಿಷಯಕ್ಕೆ ಬಂದರೆ ಯಂತ್ರ ಗಟ್ಟಿ, ಕೆಡಿಸುವುದು ಸೆಲ್. ಹಂಗಾಮು ಮುಗಿದ ಮೇಲೆ ಆಲ್ಕಲೈನ್ ಸೆಲ್ ಒಳಗೇ ಬಿಟ್ಟರೆ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಇಯರ್ ಬಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿದರೆ ಮೊದಲ ಸಲ ಬಚಾವಾಗಬಹುದು. ರೀಚಾರ್ಜ್ ಸೆಲ್ ತಲಾ 1.2 ವೋಲ್ಟ್ ಇರುವುದರಿಂದ ತುಂಬಿದ್ದರೂ ಬ್ಯಾಟರಿ ಇಳಿದಿದೆ ಎಂದು ಗುರುತು ಬರಬಹುದು. ಕೊಳ್ಳುವಾಗ ಕೇಳಲೇಬೇಕಾದದ್ದು ವೈಬ್ರೇಷನ್ ಇದೆಯೇ ಎಂದು. ಗಾಳಿ ಬೀಸುವಾಗ, ರೇನ್‌ಕೋಟಿನ ಟೋಪಿ ಹಾಕಿಕೊಂಡಾಗ, ಅಂದರೆ ಬೇಕೇಬೇಕಾದ ಹೊತ್ತಿನಲ್ಲೇ, ಬೀಪ್ ಕೇಳುವುದಿಲ್ಲ.

ಮೊಬೈಲ್ ಆ್ಯಪ್ ಸಾಲದೇ ಎಂದು ಕೇಳುವವರಿಗೆ: ಸಿಗ್ನಲ್ ಇರುವ ಕಡೆ ಆ್ಯಪೇ ಮೇಲು. ಹಲವು ಸ್ಟೇಷನ್ನುಗಳಿಗೆ ಅಲೆ ಮುಟ್ಟಿದ ವೇಳೆಯ ವ್ಯತ್ಯಾಸದಿಂದ ಅದು ಜಾಗವನ್ನೂ ದಿಕ್ಕನ್ನೂ ಹೇಳುತ್ತದೆ. ಈ ಡಿಟೆಕ್ಟರಿಗೆ ದಿಕ್ಕು ಗೊತ್ತಿಲ್ಲ. ಸಿಗ್ನಲ್ ಕಡಿದುಹೋಗುವ ಕಡೆಗೆ ಹೋಗುವವರಿಗೆ ಮಾತ್ರ ಇದು ಬೇಕು, ಅಂಥವರಿಗೆ ಖಂಡಿತ ಬೇಕು.

ಕೊನೆಗೆ, ಮತ್ತೆ ಹೊರಗೆ ಹೆಜ್ಜೆ ಇಡುವ ಹೊತ್ತಿನದು. ಕೊನೆಯ ಮಿಂಚಿನ ನಂತರ ಹಳೆಯ ಅಂಕಿಯನ್ನೇ ಎಷ್ಟೋ ಹೊತ್ತು ತೋರಿಸುತ್ತಿರುವ ಮಾದರಿಗಳಿವೆ, ಕೆಲವೇ ನಿಮಿಷಕ್ಕೆ ಅಳಿಸಿಬಿಡುವುವೂ ಇವೆ. ಎರಡನ್ನೂ ನೆಚ್ಚಬೇಡಿ. ಕೊನೆಯ ಗುಡುಗು ಅಥವಾ ಕೊನೆಯ ಬೀಪ್, ಯಾವುದು ತಡವಾಗಿ ಬಂತೋ ಅಲ್ಲಿಂದ ಕೈಗಡಿಯಾರದಲ್ಲಿ 30 ನಿಮಿಷ ಎಣಿಸಿ. ನಡುವೆ 28ನೇ ನಿಮಿಷಕ್ಕೆ ಇನ್ನೊಂದು ಗುಡುಗಿದರೆ ಮತ್ತೆ ಸೊನ್ನೆಯಿಂದ ಶುರು.