ಕೈಗೆಟಕುವ ಬರ್ಗಂಡಿ: ಲೂಯಿ ಜಾದೋ ಅವರ ಬೂರ್ಗೋನ್ ಪಿನೋ ನ್ವಾರ್

ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ದ್ರಾಕ್ಷಿಯಿಂದ ಹಿಡಿದು ನೆಲ್ಲಿಕಾಯಿ, ಗಾಂಧಾರಿ ಮೆಣಸಿನವರೆಗೆ ಬಗೆಬಗೆಯ ಮನೆ ವೈನ್ ದೊರೆಯುತ್ತದೆ. ಬಹುಪಾಲು ಸಿಹಿಯಾಗಿರುವ ಅವುಗಳಿಗೆ ಒಗ್ಗಿದ ನಾಲಿಗೆಗೆ ಫ್ರಾನ್ಸಿನ ಬರ್ಗಂಡಿಯ ಕೆಂಪು ವೈನ್ ಮೊದಲ ಗುಟುಕಿನಲ್ಲಿ ತೆಳುವಾಗಿಯೂ ಹುಳಿಯಾಗಿಯೂ ಕಂಡರೆ ಆಶ್ಚರ್ಯವಿಲ್ಲ.

ಬರ್ಗಂಡಿಯಲ್ಲಿ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ನೆಲ. ಕೆಂಪು ವೈನಿಗೆ ದ್ರಾಕ್ಷಿಯ ತಳಿ ಹೆಚ್ಚುಕಡಿಮೆ ಎಲ್ಲೆಡೆಯೂ ಪಿನೋ ನ್ವಾರ್ ಒಂದೇ ಆದರೂ, ಅದು ಬೆಳೆದ ತೋಟ ಮೇಲಿನಿಂದ ಕೆಳಕ್ಕೆ ಗ್ರಾಂ ಕ್ರೂ (ಅತ್ಯುತ್ತಮ ತೋಟಗಳು), ಪ್ರೆಮಿಯೇ ಕ್ರೂ (ಅವುಗಳ ನಂತರದವು), ಹಳ್ಳಿಯ ಹೆಸರಿನ ವೈನ್, ಇಡೀ ಪ್ರಾಂತ್ಯದ ಹೆಸರಿನ ‘ಬೂರ್ಗೋನ್’ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದರ ಮೇಲೆ ಬಾಟಲಿಯ ಬೆಲೆ ಹತ್ತಾರು ಪಟ್ಟು ಏರುತ್ತದೆ. ವೋನ್ ರೊಮಾನೆಯಂಥ ಪ್ರಸಿದ್ಧ ಹಳ್ಳಿಯ ಹೆಸರನ್ನೇ ಬೆನ್ನಟ್ಟಿ ಅಪರಿಚಿತ ತಯಾರಕನ ಅಗ್ಗದ ಬಾಟಲಿ ಕೊಳ್ಳುವುದಕ್ಕಿಂತ, ಹೆಸರುವಾಸಿ ಮನೆತನದ ಕೆಳಮೆಟ್ಟಿಲಿನ ವೈನ್ ಕೊಳ್ಳುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋನ್ ಪಟ್ಟಣದಲ್ಲಿ 1859ರಲ್ಲಿ ಆರಂಭವಾದ ಲೂಯಿ ಜಾದೋ ಅಂಥದ್ದೊಂದು ಮನೆ. ಇವರ ಬೂರ್ಗೋನ್ ಪಿನೋ ನ್ವಾರ್ ಲೋಟದಲ್ಲಿ ಆಚೆಬದಿಯ ಬೆರಳು ಕಾಣುವಷ್ಟು ತಿಳಿಗೆಂಪು. ಮೂಗಿಗೆ ಮೊದಲು ಚೆರ್ರಿ ಹಣ್ಣಿನ ಪರಿಮಳ ಬರುತ್ತದೆ; ಸ್ವಲ್ಪ ಹೊತ್ತು ಬಿಟ್ಟರೆ ಮಳೆ ನಿಂತ ಕಾಫಿ ತೋಟದ ತರಗೆಲೆಯಂಥ ವಾಸನೆ ಅದರ ಹಿಂದೆಯೇ ಏಳುತ್ತದೆ. ಒಗರು ಕಡಿಮೆ, ಹುಳಿ ಚುರುಕು. ದೊಡ್ಡ ತೋಟಗಳ ವೈನಿನ ಆಳವಾಗಲಿ, ಗಂಟಲಿಳಿದ ಮೇಲೂ ಉಳಿಯುವ ದೀರ್ಘ ರುಚಿಯಾಗಲಿ ಇದರಲ್ಲಿಲ್ಲ. ಈ ಮೆಟ್ಟಿಲಿನಲ್ಲಿ ಅದನ್ನು ಬಯಸುವುದೂ ನ್ಯಾಯವಲ್ಲ.

ವರ್ಷಗಟ್ಟಲೆ ಶೇ. 150ರ ಮಟ್ಟದಲ್ಲಿದ್ದ ಆಮದು ಸುಂಕದಿಂದಾಗಿ ‘ಅಗ್ಗ’ ಎಂಬ ಮಾತು ನಮ್ಮಲ್ಲಿ ಸಾಪೇಕ್ಷವೇ. ಹೊರದೇಶದಿಂದ ಬರುವ ಪ್ರಯಾಣಿಕರು ತಲಾ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದಾದ್ದರಿಂದ, 750 ಮಿಲಿಲೀಟರಿನ ಎರಡು ಬಾಟಲಿಗಳನ್ನು ನೆಂಟರಿಗೆ ಹೇಳಿ ತರಿಸಿಕೊಳ್ಳುವುದು ಎಲ್ಲಕ್ಕಿಂತ ಲಾಭದಾಯಕ. ಅವರ ಕೈಗೆ ಚೀಟಿ ಬರೆದುಕೊಡುವಾಗ ಮೆರ್ಕ್ಯುರೆ, ಜಿವ್ರಿ ಎಂಬ ಎರಡು ಹಳ್ಳಿಗಳ ಹೆಸರನ್ನೂ ಸೇರಿಸಿ. ಬರ್ಗಂಡಿಯ ಪ್ರಖ್ಯಾತ ತೋಟಗಳಿರುವ ಇಳಿಜಾರುಗಳ ದಕ್ಷಿಣಕ್ಕಿರುವ ಇವುಗಳ ವೈನ್ ತುಸು ಒರಟಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಸುಗ್ಗಿಯ ವರ್ಷವನ್ನೂ ನೋಡಿಕೊಳ್ಳಬೇಕು: ಬಿಸಿಲು ಚೆನ್ನಾಗಿದ್ದ 2018, 2019, 2020ರಲ್ಲಿ ಕೆಳಮೆಟ್ಟಿಲಿನ ವೈನುಗಳಿಗೂ ಹಣ್ಣಿನ ತುಂಬುತನ ಬಂದಿದೆ, ಏಪ್ರಿಲ್‌ನ ಹಿಮಕ್ಕೆ ಸಿಕ್ಕ 2021ರಲ್ಲಿ ಫಸಲೇ ಕಡಿಮೆ.

ಪಂದಿ ಕರಿಯ ಜೊತೆ ಇದು ಹೊಂದುತ್ತದೆಯೇ ಎಂದು ಕೇಳುವವರಿಗೆ ಅರ್ಧ ಒಪ್ಪಿಗೆಯ ಉತ್ತರವಿದೆ. ಆ ಕರಿಗೆ ಹಾಕುವ ಹುಳಿರಸ ಕಾಚಂಪುಳಿಯ ಹುಳಿಗೂ ಹಂದಿಯ ಕೊಬ್ಬಿಗೂ ವೈನಿನ ಹುಳಿ ಚೆನ್ನಾಗಿ ಕೂಡುತ್ತದೆ; ಆದರೆ ಕರಿಮೆಣಸು ಧಾರಾಳವಾದರೆ ಚೆರ್ರಿಯ ಪರಿಮಳ ಉಳಿಯುವುದಿಲ್ಲ. ಮಳೆಗಾಲದ ಕಾಡು ಅಣಬೆಯನ್ನು ಖಾರ ಕಡಿಮೆ ಮಾಡಿ ಹುರಿದರೆ ಅದೇ ಇದಕ್ಕೆ ಸರಿಯಾದ ಜೊತೆ. ಮಡಿಕೇರಿಯ ಚಳಿಯಲ್ಲಿ ಫ್ರಿಜ್ ಬೇಕಾಗದು, ಬೇಸಿಗೆಯಲ್ಲಿ ಮಾತ್ರ ಕಾಲು ಗಂಟೆ ಇಟ್ಟು ತೆಗೆಯಿರಿ. ತೆರೆದ ಬಾಟಲಿಯನ್ನು ಮರುದಿನದೊಳಗೆ ಮುಗಿಸಬೇಕು, ಆಮೇಲೆ ಅದರಲ್ಲಿ ಹುಳಿಯಷ್ಟೇ ಉಳಿಯುತ್ತದೆ.